ಹೊಂಗೆ ಹೂವು, ನಿಂತ ನೀರು, ಕಾರಿನ ಮುಗ್ಗಲು ವಾಸನೆ

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಅಪ್ಪಾಜಿ, ಹೆಂಡತಿ, ಮಗಳನ್ನು ಕರೆದುಕೊಂಡು ಚಿತ್ರದುರ್ಗದ ಚಂದ್ರವಳ್ಳಿಗೆ ಹೊರಟೆ. ದಾವಣಗೆರೆ ಬಿಟ್ಟು ಹೆದ್ದಾರಿ ಸೇರಿ ಎಸಿ ಹಾಕಿದ್ದೇ ತಡ, ಮಗಳು ಮೂಗು ಮುಚ್ಚಿಕೊಂಡಳು. ಆನಗೋಡು ದಾಟುವಷ್ಟರಲ್ಲಿ ಅವಳಿಗೆ ವಾಂತಿಯಾಗಿ ಗಾಡಿಯನ್ನು ಬದಿಗೆ ನಿಲ್ಲಿಸಬೇಕಾಯಿತು. ಅಪ್ಪಾಜಿಗೆ ಮೊದಲೇ ಉಬ್ಬಸ. ಹಿಂದಿನ ಸೀಟಿನಲ್ಲಿ ಕೆಮ್ಮು ಹತ್ತಿಕೊಂಡಿತು. “ಇನ್ನು ಮೇಲೆ ನಾನು ಬಸ್ಸಿನಲ್ಲೇ ಓಡಾಡುತ್ತೇನಪ್ಪಾ” ಎಂದರು. ಭರಮಸಾಗರವನ್ನೂ ಮುಟ್ಟದೆ ಹಿಂದಿರುಗಿದೆವು. ಅವರಿಗಾಗಿಯೇ ಕೊಂಡ ಕಾರು ಅದು. ಆ ಮಾತು ಕೇಳಿ ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಒದ್ದೆ ಗೋಣಿಚೀಲವನ್ನು ಮಡಿಸಿ ಮೂಲೆಗೆ ಹಾಕಿ ನಾಲ್ಕು ದಿನದ ಮೇಲೆ ಬಿಚ್ಚಿದರೆ ಹೇಗೆ ಗಪ್ಪನೆ ಬರುತ್ತದೆಯೋ ಅಂಥ ವಾಸನೆ. ಎಸಿ ಹಾಕಿದ ಮೊದಲ ಎರಡು ಮೂರು ನಿಮಿಷ ಜೋರು, ಆಮೇಲೆ ಸ್ವಲ್ಪ ತಗ್ಗುತ್ತಿತ್ತು. ನಾನು ಅಷ್ಟರೊಳಗೆ ಎರಡು ಬಾರಿ ಹಣ ಕಳೆದುಕೊಂಡಿದ್ದೆ. ಮೊದಲು ಸುಗಂಧದ ಡಬ್ಬಿ ತಂದು ಎಸಿ ಕಿಂಡಿಗೆ ಸಿಕ್ಕಿಸಿದೆ. ಮಲ್ಲಿಗೆ ಮತ್ತು ಮುಗ್ಗಲು ಎರಡೂ ಸೇರಿ ತಲೆನೋವು ಬಂತು. ನಂತರ ಒಂದು ಅಂಗಡಿಯಲ್ಲಿ “ಗ್ಯಾಸ್ ಬದಲಿಸಿದರೆ ಹೋಗುತ್ತದೆ” ಎಂದರು, ಬದಲಿಸಿದರು, ವಾಸನೆ ಹಾಗೆಯೇ ಉಳಿಯಿತು. ಉಳಿಯಲೇಬೇಕಿತ್ತು. ಎಸಿ ಗ್ಯಾಸ್ ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತದೆ, ನಾವು ಉಸಿರಾಡುವ ಗಾಳಿಯನ್ನು ಅದು ಮುಟ್ಟುವುದೇ ಇಲ್ಲ. ಗ್ಯಾಸ್ ಕಡಿಮೆಯಾದರೆ ತಂಪು ಕಡಿಮೆಯಾಗುತ್ತದೆ, ಗಾಳಿ ಮುಗ್ಗುವುದಿಲ್ಲ.

ದಾರಿ ತೋರಿಸಿದವರು ಪಿ.ಬಿ. ರಸ್ತೆಯ ಒಬ್ಬ ಹಿರಿಯ ಮೆಕ್ಯಾನಿಕ್. ಕಾರಿನ ಬಾನೆಟ್ ಕೂಡ ತೆಗೆಸದೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಸಿ ಓಡುವಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತದೆಯೇ ಸರ್?” ನಾನು ನೋಡಿರಲಿಲ್ಲ.

ಡ್ಯಾಶ್‌ಬೋರ್ಡಿನ ಒಳಗೆ ಕೂಲಿಂಗ್ ಕಾಯಿಲ್ ಇರುತ್ತದೆ. ಅಲ್ಯೂಮಿನಿಯಮ್ಮಿನ ತೆಳುವಾದ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ ಒಂದು ಪೆಟ್ಟಿಗೆಯಂತೆ ಅದು. ತಣ್ಣೀರು ತುಂಬಿದ ಸ್ಟೀಲ್ ಚೊಂಬು ಹೊರಗೆ ಬೆವರುವಂತೆ, ಎಸಿ ಓಡುವಾಗ ಗಾಳಿಯ ತೇವ ಆ ರೆಕ್ಕೆಗಳ ಮೇಲೆ ಹನಿಯಾಗುತ್ತದೆ. ಹನಿಗಳು ಕೆಳಗಿನ ತಟ್ಟೆಗೆ ಇಳಿದು, ಸಣ್ಣದೊಂದು ರಬ್ಬರ್ ಕೊಳವೆಯ ಮೂಲಕ ರಸ್ತೆಗೆ ಬೀಳಬೇಕು. ಕೊಳವೆ ಕಟ್ಟಿದರೆ ನೀರು ತಟ್ಟೆಯಲ್ಲೇ ನಿಲ್ಲುತ್ತದೆ. ಕತ್ತಲೆ, ತೇವ, ಜೊತೆಗೆ ಧೂಳು. ಬೂಷ್ಟು ಬೆಳೆಯಲು ಇನ್ನೇನು ಬೇಕು? ಮರುದಿನ ಬೆಳಿಗ್ಗೆ ಫ್ಯಾನ್ ತಿರುಗಿದ ಕೂಡಲೇ ಅದರ ಮೇಲೆ ಹಾದ ಗಾಳಿ ನೇರ ಮುಖಕ್ಕೆ ಬರುತ್ತದೆ.

ಮನೆಗೆ ಬಂದು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗೆ ರಟ್ಟಿನ ಹಾಳೆ ಹಾಸಿ, ಕಾಲು ಗಂಟೆ ಎಸಿ ಓಡಿಸಿದೆ. ಮುಂಗಾರಿನ ತೇವದ ಗಾಳಿಯಲ್ಲಿ ನೀರು ಧಾರಾಳವಾಗಿ ತೊಟ್ಟಿಕ್ಕಬೇಕಿತ್ತು. ರಟ್ಟಿನ ಮೇಲೆ ಬಿದ್ದದ್ದು ಮೂರೇ ಹನಿ. (ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ, ಆಗ ಗಾಳಿಯಲ್ಲಿ ತೇವವೇ ಕಡಿಮೆ.) ಮುಂದಿನ ಎಡ ಸೀಟಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ. ಬೆರಳು ಒದ್ದೆಯಾಯಿತು. ಮೂಸಿ ನೋಡಿದೆ: ಬರೀ ನೀರು. ಅದು ಅಂಟಂಟಾಗಿದ್ದು ಸಿಹಿ ವಾಸನೆ ಬಂದಿದ್ದರೆ ಹೀಟರಿನಿಂದ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಸೋರುತ್ತಿದೆ ಎಂದರ್ಥ, ಅದು ಗ್ಯಾರೇಜಿನ ಕೆಲಸ.

ಮೊದಲು ಕೈ ಹಾಕಿದ್ದು ಮುಂದಿನ ಗಾಜಿನ ಬುಡಕ್ಕೆ. ವೈಪರ್‌ಗಳ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದಲ್ಲ, ಹೊರಗಿನ ಗಾಳಿ ಕಾರಿನೊಳಗೆ ಬರುವ ಬಾಗಿಲು ಅದೇ. ನಮ್ಮ ಮನೆಯ ಮುಂದೆ ದೊಡ್ಡ ಹೊಂಗೆ ಮರವಿದೆ. ನೆರಳು ಚೆನ್ನಾಗಿದೆಯೆಂದು ಕಾರು ಸದಾ ಅದರ ಕೆಳಗೇ. ಯುಗಾದಿಯ ಹೊತ್ತಿಗೆ ಹೊಂಗೆ ಹೂ ಬಿಟ್ಟು, ರಸ್ತೆಯೆಲ್ಲ ಅರಳು ಚೆಲ್ಲಿದಂತೆ ಉದುರುತ್ತದೆ. ಎಷ್ಟು ಚೆಂದದ ನೋಟ! ಆ ಹೂವುಗಳು ಜಾಲರಿಯ ಕಿಂಡಿಗಳಲ್ಲಿ ಇಳಿದಿದ್ದವು. ಜಾಲರಿ ಬಿಚ್ಚಿದರೆ ಒಳಗೆ ಎರಡು ಬೊಗಸೆ ಕಪ್ಪು ಗೊಬ್ಬರ: ಕೊಳೆತ ಹೂ, ಎಲೆ, ಮಣ್ಣು. ಮಳೆನೀರು ಹೊರಹೋಗುವ ಮೂಲೆಯ ರಂಧ್ರವನ್ನು ಅದು ಪೂರ್ತಿ ಮುಚ್ಚಿತ್ತು. ಅದರ ನಡುವೆ ನಾಲ್ಕು ಮೆಕ್ಕೆಜೋಳದ ಕಾಳುಗಳು, ಒಂದು ಬಿಳಿಯ ಮೊಳಕೆಯನ್ನೂ ಒಡೆದಿತ್ತು. ಇಲಿ ತಂದಿಟ್ಟಿರಬೇಕು. ಎಲ್ಲವನ್ನೂ ಕೈಯಿಂದ ಬಾಚಿ ತೆಗೆದು, ಚೊಂಬಿನಿಂದ ನಿಧಾನವಾಗಿ ನೀರು ಬಿಟ್ಟು, ರಂಧ್ರದಿಂದ ಸಲೀಸಾಗಿ ಇಳಿಯುವವರೆಗೂ ನೋಡಿದೆ. ಪೈಪ್ ಹಿಡಿದು ರಭಸವಾಗಿ ನೀರು ಹೊಡೆಯಬಾರದು. ಗಾಳಿಯ ದಾರಿಯಲ್ಲಿ ಫ್ಯಾನಿನ ಮೋಟರಿಗೇ ನೀರು ಹೋಗಬಹುದು.

ಮುಂದೆ ಎಸಿ ಫಿಲ್ಟರ್. ನನ್ನ ಕಾರಿನಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದಿದೆ, ತೆಗೆಯಲು ಸ್ಕ್ರೂಡ್ರೈವರ್ ಕೂಡ ಬೇಡ. ಹೊರಗೆ ಎಳೆದವನಿಗೆ ಹೊಟ್ಟೆಯುರಿಯಿತು. ಹಿಂದಿನ ಸರ್ವಿಸಿನಲ್ಲಿ ಯಾರೋ ಅದನ್ನು ಮಡಚಿ ತುರುಕಿದ್ದರು. ಒಂದು ಮೂಲೆಯಲ್ಲಿ ಎರಡು ಬೆರಳು ಅಗಲದ ಸಂದು. ನಮ್ಮ ಜಿಲ್ಲೆಯಲ್ಲಿ ಅಕ್ಟೋಬರ್, ನವೆಂಬರ್ ಬಂತೆಂದರೆ ರಸ್ತೆಯ ಬದಿಯಲ್ಲೆಲ್ಲ ಮೆಕ್ಕೆಜೋಳ ಒಣಗುತ್ತಿರುತ್ತದೆ, ಅದರ ಹೊಟ್ಟು ಗಾಳಿಗೆ ಹಾರುತ್ತಿರುತ್ತದೆ. ಆ ಸಂದಿನಿಂದ ನುಗ್ಗಿದ ಧೂಳೆಲ್ಲ ನೇರವಾಗಿ ಒದ್ದೆ ಕಾಯಿಲಿಗೆ ಅಂಟಿತ್ತು. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅದು ಒಣಗುವುದೂ ಇಲ್ಲ, ಮೊದಲಿನಂತೆ ಧೂಳು ಹಿಡಿಯುವುದೂ ಇಲ್ಲ. ಹೊಸದನ್ನು ತಂದೆ, ಆದರೆ ಆಗಲೇ ಹಾಕಲಿಲ್ಲ. ಕಾಯಿಲ್ ತೊಳೆಯುವ ಮೊದಲು ಹೊಸ ಫಿಲ್ಟರ್ ಹಾಕಿದರೆ ಅದಕ್ಕೂ ಅದೇ ವಾಸನೆ ಹತ್ತುತ್ತದೆ.

ನೀರಿನ ಕೊಳವೆಗಾಗಿ ಆ ಮೆಕ್ಯಾನಿಕ್ ಬಳಿಗೇ ಹೋದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತೂರುವ ಕೆಲಸವನ್ನು ಯಾರೂ ಮಾಡಬಾರದು. ಅವರಲ್ಲಿ ಕಾರಿನ ಕೆಳಗೆ ಇಳಿದು ನಿಂತು ಕೆಲಸ ಮಾಡುವ ಗುಂಡಿ ಇತ್ತು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಿಂದ ಇಣುಕುವ ಬೆರಳು ಗಾತ್ರದ ರಬ್ಬರ್ ಕೊಳವೆಯನ್ನು ಅವರು ಮೆಲ್ಲಗೆ ಹಿಂಡಿದರು. ಮೊದಲು ಕಪ್ಪು ಕೆಸರಿನ ಒಂದು ಉಂಡೆ ಜಾರಿತು, ಹಿಂದೆಯೇ ಸುಮಾರು ಅರ್ಧ ಲೀಟರ್ ನೀರು ಸುರಿಯಿತು. ಆ ನೀರಿನ ವಾಸನೆಯೇ ನಾವು ಇಷ್ಟು ದಿನ ಉಸಿರಾಡಿದ ವಾಸನೆ. ನಾನು ತಂತಿ ಹಾಕಿ ತಿವಿಯೋಣವೆಂದೆ. ಅವರು ತಡೆದರು: “ತಂತಿ ಮೇಲೆ ಹೋಗಿ ಕಾಯಿಲಿಗೆ ತೂತಾದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು, ಸುಮ್ಮನಿರಿ.” ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಒಂದೆರಡು ಅಂಗುಲ ತೂರಿಸಿದ್ದಕ್ಕೇ ದಾರಿ ಬಿಟ್ಟಿತು.

ಇನ್ನು ಕಾಯಿಲ್. ಕಾರಿನ ಎಸಿ ಕಾಯಿಲಿಗೆಂದೇ ಮಾಡಿದ ನೊರೆಯ ಕ್ಲೀನರ್ ಡಬ್ಬಿಗಳು ಸಿಗುತ್ತವೆ, ಜೊತೆಗೆ ಉದ್ದನೆಯ ನಳಿಕೆಯೂ ಇರುತ್ತದೆ. ನೆರೆಯವರೊಬ್ಬರು ಬ್ಲೀಚಿಂಗ್ ಪೌಡರ್ ನೀರು ಸಾಕೆಂದರು. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಅದರ ಹೊಗೆ ಉಬ್ಬಸವಿರುವವರಿಗೆ ಇನ್ನಷ್ಟು ಕೆಡುಕು. ಬೇಡವೆಂದೆ. ಎಂಜಿನ್, ಫ್ಯಾನ್ ಎರಡನ್ನೂ ಆರಿಸಿ, ಬಾಗಿಲುಗಳನ್ನೆಲ್ಲ ತೆರೆದು, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು, ಫಿಲ್ಟರ್ ಇದ್ದ ಖಾಲಿ ಕಿಂಡಿಯಿಂದ ನಳಿಕೆಯನ್ನು ಕಾಯಿಲಿನ ಕಡೆಗೆ ತಿರುಗಿಸಿ ನೊರೆ ಬಿಟ್ಟೆ. ಫ್ಯಾನಿನ ಮೋಟರ್ ಮತ್ತು ಅದರ ವೈರುಗಳ ಮೇಲೆ ಬೀಳದಂತೆ ಎಚ್ಚರ ವಹಿಸಿದೆ. ಮೊಬೈಲ್ ಟಾರ್ಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಇಪ್ಪತ್ತು ನಿಮಿಷ ಕಾದೆ. ಕೆಳಗಿಟ್ಟ ಹಳೆಯ ಬೋಗುಣಿಗೆ ಮೊದಲು ನೊರೆ, ಆಮೇಲೆ ಚಹಾದ ಕಷಾಯದ ಬಣ್ಣದ ನೀರು ಇಳಿಯಿತು. ಒಂದೇ ಸಲಕ್ಕೆ ಸ್ವಚ್ಛವಾಗಲಿಲ್ಲ. ಮರುದಿನ ಇನ್ನೊಂದು ಡಬ್ಬಿ ಹಾಕಿದೆ, ಆಗ ಬಂದ ನೀರು ತಿಳಿಯಾಗಿತ್ತು.

ಕೊನೆಗೆ ಒಣಗಿಸುವುದು, ಬಹಳ ಜನ ಬಿಟ್ಟುಬಿಡುವ ಕೆಲಸ ಇದೇ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಮಾಡಿ ಇಪ್ಪತ್ತು ನಿಮಿಷ ಫ್ಯಾನ್ ಓಡಿಸಿದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಇದನ್ನು ಮಾಡುವುದು ಜೀವಕ್ಕೆ ಅಪಾಯ. ಕಾರ್ಪೆಟ್ಟಿನ ಅಂಚನ್ನು ಎತ್ತಿ, ಕೆಳಗೆ ಮರದ ತುಂಡು ಕೊಟ್ಟು, ಟೇಬಲ್ ಫ್ಯಾನ್ ಹಚ್ಚಿದೆ. ಮೇಲೆ ಮುಟ್ಟಿದರೆ ಒಂದೇ ದಿನಕ್ಕೆ ಒಣಗಿದಂತಿತ್ತು, ಆದರೆ ಕೆಳಗಿನ ದಪ್ಪ ಪದರ ಒಣಗಲು ಮೂರು ದಿನ ಹಿಡಿಯಿತು. ಆಮೇಲೆಯೇ ಹೊಸ ಫಿಲ್ಟರನ್ನು ಅದರ ಮೇಲಿನ ಬಾಣದ ಗುರುತು ನೋಡಿ ಕೂರಿಸಿದೆ.

ಈಗ ಮನೆಗೆ ಎರಡು ಮೂರು ಕಿಲೋಮೀಟರ್ ಇರುವಾಗಲೇ, ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದ ಕೂಡಲೇ ಎಸಿ ಆರಿಸಿ ಬರೀ ಫ್ಯಾನ್ ಬಿಡುತ್ತೇನೆ. ಕಾಯಿಲ್ ಒಣಗಿದ ಮೇಲೆಯೇ ಕಾರು ನಿಲ್ಲುತ್ತದೆ. ಮೆಕ್ಕೆಜೋಳದ ಟ್ರ್ಯಾಕ್ಟರ್ ಮುಂದೆ ಸಿಕ್ಕಾಗ ಮಾತ್ರ ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತುತ್ತೇನೆ, ದಾಟಿದ ಮೇಲೆ ತೆಗೆಯುತ್ತೇನೆ. ಮೊದಲು ಆ ಗುಂಡಿ ವರ್ಷವಿಡೀ ಒತ್ತಿಯೇ ಇರುತ್ತಿತ್ತು. ನಮ್ಮ ಉಸಿರಿನ ತೇವ, ಒದ್ದೆ ಚಪ್ಪಲಿಯ ತೇವ ಎಲ್ಲವೂ ಒಳಗೇ ಸುತ್ತುತ್ತಿತ್ತು.

ಜುಲೈನಲ್ಲಿ ಚಂದ್ರವಳ್ಳಿಗೆ ಹೋಗಿ ಬಂದೆವು, ಕಿಟಕಿ ಇಳಿಸಲಿಲ್ಲ. ಹೊಂಗೆಯ ನೆರಳನ್ನೂ ಬಿಟ್ಟಿಲ್ಲ. ಈ ಯುಗಾದಿಗೆ ಹೂ ಉದುರಲು ಶುರುವಾದ ದಿನದಿಂದ ಅಪ್ಪಾಜಿ ಬೆಳಗಿನ ಕಾಫಿ ಮುಗಿಸಿ, ಹಳೆಯ ಪೇಂಟ್ ಬ್ರಷ್ ಹಿಡಿದು ಗಾಜಿನ ಬುಡದ ಜಾಲರಿಯನ್ನು ತಾವೇ ಗುಡಿಸುತ್ತಿದ್ದಾರೆ.