ಸೀಮೆಸುಣ್ಣ ಹುಳಿಗೆ ನೊರೆಯದಿದ್ದರೆ…

ವಿನಿಗರ್‌ಗೆ ಸೀಮೆಸುಣ್ಣ ಹಾಕಿದರೆ ನೊರೆ ಬರಬೇಕು. ಮನೆಯಲ್ಲಿ ಹಾಕಿ ನೋಡಿದರೆ ಎಷ್ಟೋ ಸಲ ಅದು ಸುಮ್ಮನೆ ನೆನೆದು ಮೆತ್ತಗಾಗುತ್ತದೆ, ಅಷ್ಟೆ. ತಪ್ಪು ವಿನಿಗರ್‌ನದ್ದಲ್ಲ. ಹೆಸರಲ್ಲಿ ಸುಣ್ಣವಿದ್ದರೂ ಅನೇಕ ಕಡ್ಡಿಗಳು ಜಿಪ್ಸಮ್‌ನವು, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅಡುಗೆಮನೆಯ ಹುಳಿಗೆ ಅದು ಜಗ್ಗುವುದಿಲ್ಲ. ನೊರೆ ಬೇಕೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರಬೇಕು. ‘ಡಸ್ಟ್‌ಲೆಸ್’ ಎಂದು ಮಾರುವ ಕಡ್ಡಿಗಳಲ್ಲಿ ಅದು ಸಿಗುವ ಸಂಭವ ಹೆಚ್ಚು.

ಮೊದಲು ಕಡ್ಡಿಯನ್ನೇ ಪರೀಕ್ಷಿಸಿ. ಬಿಳಿ ಕಡ್ಡಿಯನ್ನು 2 ಸೆಂಟಿಮೀಟರ್ ತುಂಡುಗಳಾಗಿ ಮುರಿಯಿರಿ. ನಾಲ್ಕು ಗಾಜಿನ ಲೋಟಗಳಲ್ಲಿ ತಲಾ 30 ಮಿ.ಲೀ. ಬರಿಯ ನೀರು, ವಿನಿಗರ್, ಸೋಸಿದ ನಿಂಬೆರಸ, ಹುಣಸೆರಸ ಇಟ್ಟು ಒಂದೊಂದು ತುಂಡು ಹಾಕಿ. ನೀರಿನ ಲೋಟ ಬೇಡವೆಂದು ಬಿಡಬೇಡಿ. ಒಣ ಕಡ್ಡಿಯ ಸಣ್ಣ ರಂಧ್ರಗಳಲ್ಲಿರುವ ಗಾಳಿ ನೀರಿನಲ್ಲೂ ಗುಳ್ಳೆಯಾಗಿ ಏಳುತ್ತದೆ. ಅದನ್ನೇ ರಾಸಾಯನಿಕ ಕ್ರಿಯೆ ಎಂದು ನಂಬಿ ಮೋಸಹೋಗುವವರು ಬಹಳ. ನೀರಿನಲ್ಲಿ ಗುಳ್ಳೆ ನಿಂತ ಮೇಲೂ ವಿನಿಗರ್‌ನಲ್ಲಿ ಏಳುತ್ತಲೇ ಇದ್ದರೆ ಅದು ಕಾರ್ಬೊನೇಟ್. ಸೋಡಾದಂಥ ಪಾನೀಯ ಇದಕ್ಕೆ ಬೇಡ, ಅದರಲ್ಲಿ ಅನಿಲ ಮೊದಲೇ ಇದೆ.

ಕಡ್ಡಿ ಜಿಪ್ಸಮ್‌ನದಾದರೆ ಮೊಟ್ಟೆಯ ಚಿಪ್ಪು ತೆಗೆದುಕೊಳ್ಳಿ. ಅದರಲ್ಲಿ ಶೇ 90ಕ್ಕೂ ಹೆಚ್ಚು ಕಾರ್ಬೊನೇಟ್. ಒಳಪೊರೆ ಸುಲಿದು, ಒಣಗಿಸಿ, ಕುಟ್ಟಿ. ಪುಡಿಯಾದಷ್ಟೂ ಹುಳಿಗೆ ತಾಗುವ ಮೈ ಹೆಚ್ಚು, ನೊರೆಯೂ ಜೋರು.

ಅಳತೆ ಹೀಗೆ: 1 ಗ್ರಾಂ ಕಾರ್ಬೊನೇಟ್ ಪೂರ್ತಿ ಕರಗಲು ಶೇ 4ರಷ್ಟು ಅಸಿಟಿಕ್ ಆಮ್ಲವಿರುವ ವಿನಿಗರ್ ಸುಮಾರು 30 ಮಿ.ಲೀ. ಬೇಕು. ಬರುವ ಇಂಗಾಲದ ಡೈಆಕ್ಸೈಡ್ ಕಾಲು ಲೀಟರಿಗೆ ತುಸು ಕಡಿಮೆ. ಹಾಗಾಗಿ ಬಾಟಲಿಯಲ್ಲಿ ಮಾಡುವುದಾದರೆ ಮುಚ್ಚಳ ಎಂದೂ ಬಿಗಿಯಬೇಡಿ, ಸಿಡಿದೀತು. ವಿನಿಗರ್ ಕಡಿಮೆಯಾದರೆ ತಳದಲ್ಲಿ ಪುಡಿ ಉಳಿದು ನೊರೆ ನಿಂತುಬಿಡುತ್ತದೆ.

ನಿಂಬೆರಸ ವಿನಿಗರ್‌ಗಿಂತ ಹುಳಿ, ಆದರೂ ಆರಂಭದ ಜೋರು ಬೇಗ ಇಳಿಯಬಹುದು. ಅದರಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಲ್ಲಿ ಸರಿಯಾಗಿ ಕರಗದೆ ತುಂಡಿನ ಮೇಲೇ ಪದರ ಕಟ್ಟುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲದ್ದೂ ಅದೇ ಕಥೆ. ವಿನಿಗರ್‌ನ ಅಸಿಟೇಟ್ ಕರಗಿ ಹೋಗುತ್ತದೆ.

ಅನಿಲ ಯಾವುದೆಂದು ತಿಳಿಯಲು ಎಲೆ ಅಡಿಕೆಯ ಸುಣ್ಣ ಸಾಕು. ಕಡಲೆಕಾಳಿನಷ್ಟನ್ನು ಒಂದು ಲೋಟ ನೀರಿಗೆ ಕದಡಿ, ರಾತ್ರಿಯಿಡೀ ಮುಚ್ಚಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿಯಿರಿ. ಕಣ್ಣಿಗೆ ಸಿಡಿಯದಂತೆ ಜೋಪಾನ. ನೊರೆಯುತ್ತಿರುವ ಬಾಟಲಿಯನ್ನು ತಿಳಿಯಿರುವ ಲೋಟದ ಬಾಯಿಗೆ ವಾಲಿಸಿ. ಅನಿಲ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಅದು ಇಂಗಾಲದ ಡೈಆಕ್ಸೈಡ್ ಆಗಿದ್ದರೆ, ಲೋಟ ಅಲುಗಿಸಿದಾಗ ತಿಳಿ ಹಾಲಿನಂತೆ ಬೆಳ್ಳಗಾಗಬೇಕು. ಜೊತೆಗೆ ವಿನಿಗರ್ ಹನಿ ಬಿದ್ದರೆ ಆ ಬಿಳುಪು ಮಾಯವಾಗುತ್ತದೆ, ಮತ್ತೆ ಮೊದಲಿಂದ ಮಾಡಬೇಕು.

ಟಾಯ್ಲೆಟ್ ತೊಳೆಯುವ ಆಸಿಡ್‌ನಿಂದ ಈ ಪ್ರಯೋಗ ಬೇಡ. ಅದು ಬ್ಲೀಚಿಂಗ್ ಪೌಡರಿಗೆ ಸೋಕಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ.

ಲೋಟ ತೊಳೆಯುವಾಗ ಅಮೃತಶಿಲೆಯ ನೆಲದ ಮೇಲೆ ಚೆಲ್ಲಬೇಡಿ. ಅದೂ ಕಾರ್ಬೊನೇಟೇ. ನಿಂಬೆರಸ ಬಿದ್ದ ಜಾಗ ಮಂಕಾಗುವುದು ಕಲೆಯಿಂದಲ್ಲ, ಹೊಳಪಿನ ಪದರವೇ ಸವೆದಿರುತ್ತದೆ. ಎಷ್ಟು ಉಜ್ಜಿದರೂ ಹೋಗದು, ಮತ್ತೆ ಪಾಲಿಶ್ ಹಾಕಿಸಬೇಕು.