ಹಳೆಯ ಸ್ಕೋರ್‌ಕಾರ್ಡನ್ನು ಓದುವ ಬಗೆ

ಮೊದಲು ರನ್ನುಗಳ ಕಡೆ ನೋಡಬೇಡಿ. ನಾನು ಯಾವಾಗಲೂ ವಿಕೆಟ್ ಬಿದ್ದ ಕ್ರಮದ ಸಾಲಿನಿಂದಲೇ ಶುರು ಮಾಡುತ್ತೇನೆ.

1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಭಾರತ-ಇಂಗ್ಲೆಂಡ್ ಟೆಸ್ಟನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಎರಡನೇ ಇನಿಂಗ್ಸ್: 23, 24, 24. ಮೊದಲ ಮೂರು ವಿಕೆಟ್ ಬಿದ್ದದ್ದು ತಂಡದ ಮೊತ್ತ ಇಷ್ಟಿದ್ದಾಗ. ಈ ಮೂರು ಅಂಕಿ ಓದಿದರೆ ಸಾಕು, ನನ್ನ ಎದೆ ಇವತ್ತಿಗೂ ಹೊಡೆದುಕೊಳ್ಳುತ್ತದೆ.

ಆಮೇಲೆ ಬೌಲಿಂಗ್ ಪಟ್ಟಿಗೆ ಬನ್ನಿ. ನಮ್ಮ ಮೈಸೂರಿನ ಚಂದ್ರಶೇಖರ್: 18.1 ಓವರ್, 3 ಮೇಡನ್ (ಒಂದೂ ರನ್ ಕೊಡದ ಓವರ್), 38 ರನ್, 6 ವಿಕೆಟ್. ಬಾಲ್ಯದಲ್ಲಿ ಪೋಲಿಯೊ ತಗುಲಿದ ಆ ಬಲಗೈಯಿಂದಲೇ! ಇಂಗ್ಲೆಂಡ್ 101ಕ್ಕೆ ಆಲೌಟ್.

ಈಗ ಔಟಾದ ರೀತಿ ನೋಡಿ. 'ಕ್ಯಾಚ್ ಸೋಲ್ಕರ್' ಅಂತ ಎರಡು ಸಲ ಬರುತ್ತದೆ. ಬ್ಯಾಟಿನ ಬುಡದಲ್ಲೇ, ಹೆಲ್ಮೆಟ್ ಇಲ್ಲದೆ ಫೀಲ್ಡಿಂಗಿಗೆ ನಿಂತ ನಮ್ಮ ಆಟಗಾರ ಆತ. ಇನ್ನೊಂದು ಕಡೆ 'ಜೇಮ್ಸನ್ ರನ್‌ಔಟ್ 16' ಅಂತಿದೆ. ಜೊತೆಗಾರ ಲಕ್‌ಹರ್ಸ್ಟ್ ಹೊಡೆದ ಚೆಂಡು ಬೌಲರ್ ಚಂದ್ರ ಅವರ ಕೈಗೆ ತಾಗಿ, ಜೇಮ್ಸನ್ ಕ್ರೀಸ್ ಬಿಟ್ಟಿದ್ದಾಗ ಆಚೆ ತುದಿಯ ವಿಕೆಟ್ಟಿಗೆ ಬಡಿದದ್ದು ಕಾರ್ಡಿನಲ್ಲಿ ಎಲ್ಲೂ ಇಲ್ಲ. ಹೀಗೆ ಅನುಮಾನ ಬಂದ ಕಡೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟು, ಆಟಗಾರರ ನೆನಪಿನ ಪುಸ್ತಕಗಳನ್ನೋ ಅಂದಿನ ಪತ್ರಿಕೆಗಳನ್ನೋ ಹುಡುಕಿ. ನನ್ನ ರೂಲ್ ನೋಟ್‌ಬುಕ್ಕಿನಲ್ಲಿ ಎಡಪುಟ ಕಾರ್ಡಿಗೆ, ಬಲಪುಟ ಇಂಥ ಕತೆಗಳಿಗೆ.

ಗೆಲುವಿನ ಗುರಿ ಬೆನ್ನಟ್ಟಿದ (ಚೇಸ್) ಇನಿಂಗ್ಸನ್ನು ಕೊನೆಗೆ ಓದಿ, ನಿಧಾನವಾಗಿ. ಭಾರತ 6 ವಿಕೆಟ್ಟಿಗೆ 174. ವಿಶ್ವನಾಥ್ 33. ಇಂಗ್ಲೆಂಡ್ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು, ಎರಡೂ ಅದೇ ದಿನ.