ಸಿಇಟಿ ತಯಾರಿ: ಜಗಲಿಯಲ್ಲೇ ಹತ್ತು ಪರೀಕ್ಷೆ ಬರೆಯುವುದು ಹೇಗೆ?

ಪಿಯು ಪರೀಕ್ಷೆ ಮುಗಿದ ವಾರಕ್ಕೆ ಕುಮಟಾದ ನಮ್ಮ ಮನೆ ಜಗಲಿಗೆ ನಾಲ್ಕಾರು ಮಕ್ಕಳು ಬರುತ್ತಾರೆ. ನೆಂಟರ ಮಕ್ಕಳು, ಓಣಿಯ ಮಕ್ಕಳು. ನಾನು ಪಾಠ ಮಾಡುವುದಿಲ್ಲ. ಸಿಇಟಿಯ, ಅಂದರೆ ಎಂಜಿನಿಯರಿಂಗ್, ಕೃಷಿಯಂಥ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯ, ಹಳೇ ಪೇಪರ್ ಕೊಟ್ಟು ಪರೀಕ್ಷೆ ಬರೆಸುತ್ತೇನೆ, ಅಷ್ಟೇ. ಉತ್ತರ ಗೊತ್ತಿಲ್ಲದೆ ಅಂಕ ಬಿಟ್ಟುಕೊಟ್ಟವರಷ್ಟೇ ಮಂದಿ, ಉತ್ತರ ಗೊತ್ತಿದ್ದೂ ಪಕ್ಕದ ಸಾಲಿನ ಸರ್ಕಲ್‌ಗೆ ಶಾಯಿ ತುಂಬಿ ಕಳೆದುಕೊಂಡದ್ದನ್ನು ಇದೇ ಜಗಲಿಯಲ್ಲಿ ನೋಡಿದ್ದೇನೆ. ಈ ಲೇಖನ ಅದಕ್ಕಾಗಿ.

ಮೊದಲು ಲೆಕ್ಕ

ಒಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಡಾಕ್ಟರ್ ಆಗಬೇಕು ಅನ್ನುವವರಿಗೆ ನೀಟ್ ಬೇರೆ. ಅಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಎರಡನ್ನೂ ಬರೆಯುವ ಮಕ್ಕಳು ನೀಟ್‌ನ ಹೆದರಿಕೆಯನ್ನು ಸಿಇಟಿಗೂ ಹೊತ್ತುಕೊಂಡು ಹೋಗಿ ಹತ್ತು ಹನ್ನೆರಡು ಪ್ರಶ್ನೆ ಖಾಲಿ ಬಿಟ್ಟು ಬರುತ್ತಾರೆ. ದಯವಿಟ್ಟು ಬಿಡಬೇಡಿ. ನಾಲ್ಕು ಆಯ್ಕೆಗಳಿರುವ 12 ಪ್ರಶ್ನೆಗೆ ಕಣ್ಣು ಮುಚ್ಚಿ ತುಂಬಿದರೂ ಸರಾಸರಿ ಮೂರು ಅಂಕ ಸಿಗುತ್ತದೆ.

ಪೇಪರ್ ತನ್ನಿ, ಗೈಡ್ ಬೇಡ

ಹಳೇ ಪ್ರಶ್ನೆಪತ್ರಿಕೆ, ಕೀ ಉತ್ತರ ಎರಡೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಜೊತೆಗೆ ಖಾಲಿ ಒಎಂಆರ್ ಹಾಳೆ (ಉತ್ತರದ ಸರ್ಕಲ್ ತುಂಬುವ ಹಾಳೆ) ಹತ್ತಿಪ್ಪತ್ತು ತೆಗೆಸಿಟ್ಟುಕೊಳ್ಳಿ. ದಿಂಬಿನಷ್ಟು ದಪ್ಪ ಗೈಡ್ ಕೊಳ್ಳುವ ಚಪಲ ಎಲ್ಲರಿಗೂ ಇರುತ್ತದೆ. ನಮ್ಮಲ್ಲಿಗೆ ಬಂದ ಒಂದು ಗೈಡಿನಲ್ಲಿ ರಸಾಯನಶಾಸ್ತ್ರದ ಒಂದೇ ಪಾಠದಲ್ಲಿ ನಾಲ್ಕು ತಪ್ಪು ಉತ್ತರ ಸಿಕ್ಕವು. ಮಕ್ಕಳು ತಮ್ಮದೇ ತಪ್ಪು ಅಂದುಕೊಂಡು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದರು. ‘ಈ ವರ್ಷದ ಪೇಪರ್ ನಮ್ಮ ಹತ್ತಿರ ಇದೆ’ ಎಂದು ಮೊಬೈಲ್‌ನಲ್ಲಿ ದುಡ್ಡು ಕೇಳುವವರ ಬಗ್ಗೆ ಹೇಳಲೇಬೇಕಾ? ಸುಮ್ನೆ ಬ್ಲಾಕ್ ಮಾಡಿ.

ಒಂದು ಎಚ್ಚರಿಕೆ. ಹಳೇ ಪೇಪರ್‌ಗಳಲ್ಲಿ ಈಗ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳೂ ಇರುತ್ತವೆ. 2024ರಲ್ಲಂತೂ ಪಠ್ಯದ ಹೊರಗಿನ ಪ್ರಶ್ನೆ ಬಂದವೆಂದು ದೊಡ್ಡ ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಹಾಗಾಗಿ ನಿಮ್ಮ ಪಠ್ಯಪುಸ್ತಕದ ಪರಿವಿಡಿ ಪಕ್ಕದಲ್ಲಿಟ್ಟುಕೊಂಡು, ಇಲ್ಲದ ಪಾಠದ ಪ್ರಶ್ನೆಗಳಿಗೆ ಮೊದಲೇ ಗೀಟು ಹಾಕಿ. ಎಷ್ಟು ಪ್ರಶ್ನೆ ಹೋಯಿತೋ ಅದಕ್ಕೆ ತಕ್ಕಷ್ಟು ನಿಮಿಷವನ್ನೂ ಕಡಿಮೆ ಮಾಡಿ.

ಓದುವುದು

ಪಿಯು ಪಠ್ಯಪುಸ್ತಕ, ಸಾಲು ಬಿಡದೆ. ಪ್ರಥಮ ಪಿಯುದ್ದೂ ಸೇರಿ. ಶಿರಸಿ ಕಡೆಯವರಿಗೆ ಎರಡು ವರ್ಷಕ್ಕೊಮ್ಮೆ ಪಿಯು ಪರೀಕ್ಷೆಯ ಹೊತ್ತಿಗೇ ಮಾರಿಕಾಂಬೆ ಜಾತ್ರೆ ಬರುತ್ತದೆ. ಒಂದು ಸಂಜೆ ಹೋಗಿ ಬನ್ನಿ, ಏನೂ ಆಗುವುದಿಲ್ಲ.

ಮೂರು ಸುತ್ತು

80 ನಿಮಿಷವನ್ನು 40, 25, 15 ಎಂದು ಒಡೆದುಕೊಳ್ಳಿ. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ಹೊಳೆಯುವ ಪ್ರಶ್ನೆಗಳು ಮಾತ್ರ. ಒಂದು ತಂತಿಯನ್ನು ಎಳೆದು ಎರಡು ಪಟ್ಟು ಉದ್ದ ಮಾಡಿದರೆ ಅದರ ರೋಧ ಎಷ್ಟಾಗುತ್ತದೆ? ಉದ್ದ ಎರಡು ಪಟ್ಟು, ಅಡ್ಡಕೊಯ್ತದ ವಿಸ್ತೀರ್ಣ ಅರ್ಧ, ಆದ್ದರಿಂದ ನಾಲ್ಕು ಪಟ್ಟು. ಹದಿನೈದು ಸೆಕೆಂಡ್. ಅವಸರದವರು ವಿಸ್ತೀರ್ಣ ಮರೆತು ಎರಡು ಪಟ್ಟು ಅನ್ನುತ್ತಾರೆ, ಆಯ್ಕೆಯಲ್ಲಿ ಅದೂ ಇರುತ್ತದೆ. ಇಲ್ಲಿ ಉಳಿಸಿದ ಸಮಯ ಎರಡನೇ ಸುತ್ತಿನ ಲೆಕ್ಕಗಳಿಗೆ ಆಗುತ್ತದೆ. ಕೊನೆಯ ಹದಿನೈದು ನಿಮಿಷ ಉಳಿದದ್ದಕ್ಕೆಲ್ಲ ಏನಾದರೊಂದು ತುಂಬಿ, ಒಮ್ಮೆ ಸಾಲು ನೋಡುವುದಕ್ಕೆ.

ಗಣಿತದಲ್ಲಿ ಹಂತ ಹಂತವಾಗಿ ಬಿಡಿಸುವ ಪಿಯು ಚಾಳಿ ಬಿಡಿ. ಇಲ್ಲಿ ಹಂತಕ್ಕೆ ಅಂಕ ಇಲ್ಲ. ತ್ರಿಕೋನಮಿತಿಯ ಉದ್ದದ ಸಮೀಕರಣ ಬಂದರೆ ಥೀಟಾ ಜಾಗದಲ್ಲಿ 45 ಡಿಗ್ರಿ ಹಾಕಿ, ಯಾವ ಆಯ್ಕೆ ಹೊಂದುತ್ತದೆ ನೋಡಿ. ಎರಡು ಹೊಂದಿದರೆ 30 ಹಾಕಿ. ಮೇಷ್ಟ್ರಿಗೆ ಬೇಸರ ಆಗಬಹುದು, ಆಗಲಿ.

ಒಎಂಆರ್ ಹಾಳೆ: ಇಲ್ಲಿ ನಿಧಾನವಾಗಿ ಓದಿ

ಅಕ್ಕನ ಮಗ ಮೊದಲ ಮಾದರಿ ಪರೀಕ್ಷೆಯಲ್ಲಿ 23ನೇ ಪ್ರಶ್ನೆ ಬಿಟ್ಟು ಮುಂದೆ ಹೋದ. 24ನೆಯದರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿದ. ಅಲ್ಲಿಂದ ಎಲ್ಲವೂ ಒಂದೊಂದು ಮನೆ ಮೇಲೆ. ಅವನಿಗೆ ಗೊತ್ತಾದದ್ದು 60ನೇ ಪ್ರಶ್ನೆ ಮುಗಿದ ಮೇಲೆ. ಹಾಳೆಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು. ‘ಮಾವ, ಒಂದು ಪ್ರಶ್ನೆ ಕಮ್ಮಿ ಕೊಟ್ಟಿದ್ದಾರೆ’ ಎಂದ. ಪಾಪ, ಅವನ ಮುಖ ಇನ್ನೂ ನೆನಪಿದೆ. ಪೆನ್ನಿನಲ್ಲಿ ತುಂಬಿದ್ದು ಅಳಿಸಲು ಬರುವುದಿಲ್ಲ. ಒಂದೇ ಪ್ರಶ್ನೆಗೆ ಎರಡು ಸರ್ಕಲ್ ತುಂಬಿದರೆ ಅಂಕವೂ ಇಲ್ಲ.

ಈಗ ನಮ್ಮ ಜಗಲಿಯ ನಿಯಮ ಹೀಗಿದೆ. ಪ್ರಶ್ನೆಪತ್ರಿಕೆಯ ಒಂದು ಪುಟ ಬಿಡಿಸಿ. ಉತ್ತರವನ್ನು ಪ್ರಶ್ನೆಪತ್ರಿಕೆಯಲ್ಲೇ ಸಣ್ಣದಾಗಿ ಗುರುತಿಸಿ. ಪುಟ ಮುಗಿದಾಗ ಒಎಂಆರ್ ಹತ್ತಿರ ಎಳೆದುಕೊಳ್ಳಿ. ಎಡಗೈ ಬೆರಳು ಪ್ರಶ್ನೆಯ ಸಂಖ್ಯೆ ಮೇಲೆ, ಬಲಗೈಯ ಪೆನ್ನಿನ ತುದಿ ಒಎಂಆರ್‌ನ ಅದೇ ಸಂಖ್ಯೆ ಮೇಲೆ. ಮನಸ್ಸಿನಲ್ಲಿ ‘ಇಪ್ಪತ್ನಾಲ್ಕು, ಮೂರನೆಯದು’ ಎಂದು ಹೇಳಿಕೊಂಡೇ ತುಂಬಿ. ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲಿ ದೊಡ್ಡ ಸುತ್ತು ಹಾಕಿ. ಒಎಂಆರ್ ಮೇಲೆ ಚುಕ್ಕೆ, ಟಿಕ್, ಪೆನ್ಸಿಲ್ ಗೀಟು ಏನೂ ಬೇಡ.

ಎಲ್ಲ ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎನ್ನುವವರು ಈ ಲೆಕ್ಕ ನೋಡಿ. ಒಂದು ಸರ್ಕಲ್ ನೀಟಾಗಿ ತುಂಬಲು ಐದು ಸೆಕೆಂಡ್ ಅಂದರೂ 60ಕ್ಕೆ ಐದು ನಿಮಿಷ. ಅದೂ ಕೈ ನಡುಗದಿದ್ದರೆ. ಒಂದೊಂದೇ ಬಿಡಿಸಿ ಒಂದೊಂದೇ ತುಂಬುವುದೂ ನನಗೆ ಇಷ್ಟವಿಲ್ಲ, ಕಣ್ಣು ಅತ್ತಿತ್ತ ಓಡಿ ಸಾಲು ತಪ್ಪುತ್ತದೆ. ಪುಟಕ್ಕೊಮ್ಮೆ, ಅದೇ ಸರಿ.

ತುಂಬುವ ಕ್ರಮವೂ ಇದೆ. ಮೊದಲು ಅಂಚಿನ ಒಳಗೆ ಒಂದು ಸುತ್ತು, ಆಮೇಲೆ ನಡುವಿಗೆ. ನಡುವಿನಿಂದ ಶುರು ಮಾಡಿದರೆ ಅಂಚು ದಾಟಿಹೋಗುತ್ತದೆ. ನೀಲಿ ಅಥವಾ ಕಪ್ಪು ಬಾಲ್ ಪೆನ್ನೇ ಬೇಕು, ಜೆಲ್ ಪೆನ್ ಬೇಡ. ಪರೀಕ್ಷೆಗೆಂದು ಹೊಸ ಪೆನ್ ಕೊಂಡು ಅದೇ ದಿನ ತೆಗೆಯಬೇಡಿ, ಮೊದಲ ಪುಟಕ್ಕೆಲ್ಲ ಶಾಯಿ ಕಕ್ಕುತ್ತದೆ. ವಾರ ಬಳಸಿದ ಎರಡು ಪೆನ್ ಒಯ್ಯಿರಿ.

ಕರಾವಳಿಯವರಿಗೆ ಮತ್ತೊಂದು ಕಾಟ, ಬೆವರು. ಕಾರವಾರದ ಏಪ್ರಿಲ್ ಮಧ್ಯಾಹ್ನ, ಫ್ಯಾನ್ ದೂರ, ಅಂಗೈ ಒದ್ದೆ. ಒದ್ದೆ ಕೈ ಹಾಳೆ ಮೇಲೆ ಊರಿದರೆ ಆಗಷ್ಟೇ ತುಂಬಿದ ಸರ್ಕಲ್ ಪಕ್ಕದ ಸರ್ಕಲ್‌ವರೆಗೆ ಹರಡುತ್ತದೆ. ಅಂಗೈ ಕೆಳಗೆ ಹತ್ತಿಯ ಕರ್ಚೀಫ್ ಇಟ್ಟುಕೊಂಡು ಬರೆಯುವುದನ್ನು ಮನೆಯಲ್ಲೇ ರೂಢಿ ಮಾಡಿ. ನಾನು ಮಕ್ಕಳಿಗೆ ಮಧ್ಯಾಹ್ನ ಎರಡೂವರೆಗೆ ಫ್ಯಾನ್ ಆರಿಸಿಯೇ ಬರೆಸುತ್ತೇನೆ. ಬೈಯುತ್ತಾರೆ.

ವರ್ಷನ್ ಕೋಡ್ ಮರೆಯಬೇಡಿ. ಪ್ರಶ್ನೆಪತ್ರಿಕೆ ಮೇಲಿನ ಕೋಡ್ ಒಎಂಆರ್ ಮೇಲೂ ಅದೇ ಇರಬೇಕು, ಸರ್ಕಲ್ ಕೂಡ ತುಂಬಿರಬೇಕು. ಪಕ್ಕದವರದ್ದು ಬೇರೆ ಕೋಡ್, ಪ್ರಶ್ನೆಗಳ ಕ್ರಮವೇ ಬೇರೆ. ಕೋಡ್ ತಪ್ಪಿದರೆ ನಿಮ್ಮ ಉತ್ತರಗಳನ್ನು ಬೇರೆಯವರ ಕೀ ಜೊತೆ ತಾಳೆ ನೋಡಿದಂತೆ ಆಗುತ್ತದೆ. ಮೊದಲ ಸರ್ಕಲ್ ತುಂಬುವ ಮೊದಲೇ ಎರಡು ಸಲ ನೋಡಿ.

ಮೊಬೈಲ್ ಆ್ಯಪ್‌ನಲ್ಲಿ ಅಭ್ಯಾಸ ಮಾಡಿದವರಿಗೆ ಇದು ಯಾವುದೂ ಕೈಗೆ ಹತ್ತುವುದಿಲ್ಲ. ಅಲ್ಲಿ ಬೆರಳು ಮುಟ್ಟಿದರೆ ಆಯಿತು. ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಆ್ಯಪ್ ತೆರೆಯುವ ಯಲ್ಲಾಪುರ, ಜೋಯಿಡಾ ಕಡೆಯ ಮಕ್ಕಳಿಗೆ ಹೇಳುತ್ತೇನೆ, ಆ ಹೊತ್ತಿನಲ್ಲಿ ಕಾಗದದ ಮೇಲೆ ಒಂದು ಪೇಪರ್ ಮುಗಿಯುತ್ತದೆ. ಇಂಥ ಪೂರ್ತಿ ಪರೀಕ್ಷೆ ಕನಿಷ್ಠ ಹತ್ತು ಬರೆಯಿರಿ. ಕೈಗಡಿಯಾರ ಇಲ್ಲದೆ ಬರೆಯಿರಿ, ಕೇಂದ್ರದೊಳಗೆ ಬಿಡುವುದಿಲ್ಲ.

ಕಾಗದಪತ್ರ

ಓದುವುದು ಮಕ್ಕಳ ಕೆಲಸ, ಇದು ಅಪ್ಪ ಅಮ್ಮನದ್ದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು 15%, ಕನ್ನಡ ಮಾಧ್ಯಮದವರಿಗೆ 5%. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಎರಡೂ ಅನ್ವಯಿಸುತ್ತದೆ. ಅರ್ಜಿ ತುಂಬುವಾಗ ಕೇಳಿಕೊಳ್ಳದೆ ಆಮೇಲೆ ಶಾಲೆಗೆ, ಬಿಇಒ ಕಚೇರಿಗೆ ಓಡುತ್ತಾರೆ. ಶಿರಸಿಯ ಅರಣ್ಯ ಕಾಲೇಜು ಅಥವಾ ಕೃಷಿ ಪದವಿ ಬೇಕೆನ್ನುವ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ. ಅಡಿಕೆ ಕೊನೆ ನೋಡಿ ಕೊಳೆರೋಗ ಹೇಳಬಲ್ಲ ಸಿದ್ದಾಪುರದ ಮಾಣಿಯೊಬ್ಬ ಸಜ್ಜೆ, ನವಣೆ ಕಾಳು ಮುಂದಿಟ್ಟಾಗ ತಬ್ಬಿಬ್ಬಾಗಿದ್ದ. ಕಿರಾಣಿ ಅಂಗಡಿಗೆ ಹೋಗಿ ಒಂದೊಂದು ಹಿಡಿ ಕಾಳು ತಂದು ಗುರುತು ಮಾಡಿಕೊಳ್ಳಿ, ಸಾಕು.

ಆ ದಿನ

ಬೆಳಿಗ್ಗೆ ಹತ್ತೂವರೆಗೆ ಒಂದು ಪೇಪರ್, ಮಧ್ಯಾಹ್ನ ಎರಡೂವರೆಗೆ ಇನ್ನೊಂದು. ಘಟ್ಟ ಇಳಿದು ಅಥವಾ ಹತ್ತಿ ಬರುವವರು ದೇವಿಮನೆಯ ತಿರುವುಗಳನ್ನು ನಂಬಬೇಡಿ. ಒಂದು ಲಾರಿ ಕೆಟ್ಟು ನಿಂತರೆ ಮುಗಿಯಿತು. ಹಿಂದಿನ ದಿನವೇ ನೆಂಟರ ಮನೆ ಸೇರಿಕೊಳ್ಳಿ. ನಡುವೆ ಹೊಟ್ಟೆ ತುಂಬಾ ಉಣ್ಣಬೇಡಿ, ಮೊಸರನ್ನ ಅಥವಾ ಗಂಜಿ ಸಾಕು. ಬೆಳಗಿನ ಪೇಪರ್‌ನ ಉತ್ತರಗಳನ್ನು ಗೆಳೆಯರ ಜೊತೆ ಚರ್ಚೆ ಮಾಡಬೇಡಿ. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಪರೀಕ್ಷೆ ಮುಗಿದ ಮೇಲೆ ಒಎಂಆರ್‌ನ ಕೆಳಗಿನ ಪ್ರತಿ ನಿಮ್ಮ ಕೈಗೆ ಬರುತ್ತದೆ. ಪೆನ್ನು ಸ್ವಲ್ಪ ಒತ್ತಿ ತುಂಬಿದ್ದರೆ ಅದರಲ್ಲಿ ಎಲ್ಲ ಕಾಣುತ್ತದೆ. ಕೀ ಉತ್ತರ ಪ್ರಕಟವಾದಾಗ ಅದನ್ನಿಟ್ಟುಕೊಂಡೇ ತಾಳೆ ನೋಡಬೇಕು. ಕೀಯಲ್ಲಿ ತಪ್ಪು ಕಂಡರೆ ಆಕ್ಷೇಪಣೆ ಹಾಕಲು ಕೆಲವೇ ದಿನ ಕೊಡುತ್ತಾರೆ. ಪ್ಲಾಸ್ಟಿಕ್ ಫೈಲ್ ಒಂದನ್ನು ಜೊತೆಗೇ ಒಯ್ಯಿರಿ. ಅಕ್ಕನ ಮಗ ಮಡಚಿ ಪ್ಯಾಂಟ್ ಜೇಬಿಗೆ ತುರುಕಿದ್ದ. ಮರುದಿನ ಅವನ ಆಯಿ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಗಿ ಕಂಡಳು.